ಮೊದಲ ಲೆನ್ಸಿಗೊಂದು ತ್ರೈರಾಶಿ

ಹೊಸ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡವರೆಲ್ಲ ಕೆಲವೇ ದಿನಗಳಲ್ಲಿ ಕೇಳುವ ಪ್ರಶ್ನೆ ಒಂದೇ: ‘ಮುಂದೆ ಯಾವ ಲೆನ್ಸ್ ತಗೊಳ್ಳಲಿ?’ ಕೇಳಿಸಿಕೊಂಡವರು ಛಾಯಾಗ್ರಹಣದಲ್ಲಿ ಪಳಗಿದವರಾಗಿದ್ದರೆ ‘ನೀವು ಏನು ತೆಗೀತೀರಿ?’ ಎಂದು ಮರುಪ್ರಶ್ನೆ ಹಾಕುತ್ತಾರೆ. ಪಾಪ, ಹೊಸಬರ ಹತ್ತಿರ ಅದಕ್ಕೆ ಉತ್ತರವೇ ಇರುವುದಿಲ್ಲ. ಮಗಳ ಹುಟ್ಟುಹಬ್ಬ, ಊರ ಜಾತ್ರೆ, ಹಿತ್ತಲಿಗೆ ಬರುವ ಹಕ್ಕಿ, ರಜೆಯಲ್ಲಿ ಹೋಗಲಿರುವ ಹಂಪಿ ಎಲ್ಲವನ್ನೂ ತೆಗೆಯಬೇಕೆಂದೇ ಅವರು ಕ್ಯಾಮೆರಾ ಕೊಂಡಿರುತ್ತಾರೆ. ಈ ಗೊಂದಲ ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ‘ಡಬಲ್ ಲೆನ್ಸ್ ಕಿಟ್ ತಗೊಂಡುಬಿಡಿ ಸಾರ್, ಎಲ್ಲಾ ಕವರ್ ಆಗುತ್ತೆ’ ಎಂಬ ಮಾತು ಬರುವುದು ಆಗಲೇ.

ನನ್ನನ್ನು ಕೇಳಿದವರಿಗೆ ನಾನು ಬೇರೆ ಪ್ರಶ್ನೆ ಕೇಳುತ್ತೇನೆ. ನೀವು ಎಷ್ಟು ದೂರ ನಿಂತು ತೆಗೆಯುತ್ತೀರಿ? ಹಿಂದೆ ಸರಿಯಲು ಜಾಗ ಇರುತ್ತದೆಯೇ? ಅಲ್ಲಿ ಬೆಳಕು ಎಷ್ಟಿರುತ್ತದೆ? ಇವಕ್ಕೆ ಉತ್ತರ ಹೇಳಲು ಛಾಯಾಗ್ರಹಣ ಗೊತ್ತಿರಬೇಕಿಲ್ಲ, ಮನೆಯ ಹಜಾರದ ಅಳತೆ ಗೊತ್ತಿದ್ದರೆ ಆಯಿತು. ಉಳಿದದ್ದು ಶಾಲೆಯಲ್ಲಿ ಕಲಿತ ತ್ರೈರಾಶಿ.

ಲೆನ್ಸಿನ ಮೇಲೆ 18, 50, 250 ಎಂದೆಲ್ಲ ಮಿಲಿಮೀಟರಿನಲ್ಲಿ ಬರೆದಿರುವುದು ಅದರ ಫೋಕಲ್ ಲೆಂಗ್ತ್. ಬೆಳಕು ಬಂದು ಬೀಳುವ ಸೆನ್ಸರಿನ ಅಗಲ ಕ್ಯಾನನ್‌ನ ಆರಂಭಿಕ ಡಿಎಸ್‌ಎಲ್‌ಆರ್‌ಗಳಲ್ಲಿ 22.3 ಮಿ.ಮೀ., ನಿಕಾನ್‌ನವುಗಳಲ್ಲಿ ಸುಮಾರು 23.5 ಮಿ.ಮೀ. ಈ ಅಗಲವನ್ನು ನೀವು ನಿಂತ ದೂರದಿಂದ ಗುಣಿಸಿ, ಫೋಕಲ್ ಲೆಂಗ್ತ್‌ನಿಂದ ಭಾಗಿಸಿ. ಚೌಕಟ್ಟಿನೊಳಗೆ ಎಷ್ಟು ಅಗಲದ ದೃಶ್ಯ ಹಿಡಿಯುತ್ತದೆ ಎಂಬುದು ಸಿಗುತ್ತದೆ. ಬಾಯಿಲೆಕ್ಕಕ್ಕೆ ಸೆನ್ಸರಿನ ಅಗಲ 22 ಎಂದುಕೊಂಡರೂ ನಡೆಯುತ್ತದೆ. ಮೂರು ಮೀಟರ್ ದೂರ, 18 ಮಿ.ಮೀ. ಲೆನ್ಸ್: 22ನ್ನು 3ರಿಂದ ಗುಣಿಸಿ 18ರಿಂದ ಭಾಗಿಸಿದರೆ 3.67 ಮೀಟರ್, ಅಂದರೆ ಹನ್ನೆರಡು ಅಡಿ. ಅದೇ ಜಾಗದಲ್ಲಿ ನಿಂತು 50 ಮಿ.ಮೀ. ಹಾಕಿದರೆ 1.32 ಮೀಟರ್, ನಾಲ್ಕಡಿ ಚಿಲ್ಲರೆ. ಮೊದಲನೆಯದರಲ್ಲಿ ಸೋಫಾದ ಮೇಲೆ ಕುಳಿತ ಇಡೀ ಕುಟುಂಬ ಬರುತ್ತದೆ. ಎರಡನೆಯದರಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೇ.

‘ಫುಲ್ ಫ್ರೇಮ್’, ‘ಕ್ರಾಪ್ ಫ್ಯಾಕ್ಟರ್’ ಎಂದು ಜನ ತಲೆಕೆಡಿಸಿಕೊಳ್ಳುವುದೂ ಇದೇ ಲೆಕ್ಕದ ಇನ್ನೊಂದು ರೂಪ. ಹಳೆಯ ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲವಿತ್ತು. ದುಬಾರಿ ಫುಲ್ ಫ್ರೇಮ್ ಕ್ಯಾಮೆರಾಗಳ ಸೆನ್ಸರ್ ಈಗಲೂ ಅಷ್ಟೇ ದೊಡ್ಡದು. ಆರಂಭಿಕ ಕ್ಯಾಮೆರಾಗಳ ಸೆನ್ಸರ್ ಅದಕ್ಕಿಂತ ಕ್ಯಾನನ್‌ನಲ್ಲಿ 1.6 ಪಟ್ಟು, ನಿಕಾನ್‌ನಲ್ಲಿ 1.5 ಪಟ್ಟು ಚಿಕ್ಕದು. ಹಾಗಾಗಿ ಫಿಲ್ಮಿನ ಕಾಲದವರು ‘50 ಮಿ.ಮೀ. ಅಂದರೆ ನಮ್ಮ ಕಣ್ಣಿನ ನೋಟಕ್ಕೆ ಹತ್ತಿರ’ ಎಂದು ಹೇಳುತ್ತಿದ್ದ ಮಾತು ನಿಮ್ಮ ಕ್ಯಾಮೆರಾಗೆ ಹೊಂದುವುದಿಲ್ಲ. ನಿಮ್ಮಲ್ಲಿ ಆ ಕೆಲಸ ಮಾಡುವುದು 35ರ ಆಸುಪಾಸಿನ ಲೆನ್ಸ್. ಇಷ್ಟು ತಿಳಿದುಕೊಂಡು ಕ್ರಾಪ್ ಫ್ಯಾಕ್ಟರನ್ನು ಮರೆತುಬಿಡಬಹುದು.

ಈಗ ಕ್ಯಾಮೆರಾ ಜೊತೆಗೇ ಬರುವ 18-55ರ ವಿಚಾರ. ಪ್ಲಾಸ್ಟಿಕ್ ಮೈ, ಕೈಗೆ ತೂಕವೇ ಇಲ್ಲ, ಎಲ್ಲರ ಹತ್ತಿರವೂ ಇರುವಂಥದ್ದು. ಆದ್ದರಿಂದ ಅದರ ಬಗ್ಗೆ ತಾತ್ಸಾರ. ಈ ತಾತ್ಸಾರಕ್ಕೆ ಆಧಾರ ಕಡಿಮೆ. ಬೆಳಕು ಹೊಗುವ ರಂಧ್ರವಾದ ಅಪರ್ಚರನ್ನು ಎಫ್/8ಕ್ಕೆ ಇಟ್ಟು ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಿದರೂ ಅದನ್ನು ಯಾವ ಲೆನ್ಸಿನಲ್ಲಿ ತೆಗೆದದ್ದೆಂದು ಹೇಳುವುದು ಕಷ್ಟ. ಇತ್ತೀಚಿನವುಗಳಲ್ಲಿ ಕೈ ನಡುಕವನ್ನು ತಡೆಯುವ ವ್ಯವಸ್ಥೆಯೂ ಇರುತ್ತದೆ. ಕ್ಯಾನನ್ ಇದನ್ನು ಐಎಸ್ ಎನ್ನುತ್ತದೆ, ನಿಕಾನ್ ವಿಆರ್ ಎನ್ನುತ್ತದೆ. ವಸ್ತುವಿನ ತೀರಾ ಹತ್ತಿರಕ್ಕೂ ಹೋಗಬಹುದು: ಕ್ಯಾನನ್‌ನ 18-55 ಸೆನ್ಸರಿನಿಂದ 25 ಸೆಂ.ಮೀ. ದೂರದ ವಸ್ತುವಿಗೂ ಫೋಕಸ್ ಆಗುತ್ತದೆ. ಆಗ ಚೌಕಟ್ಟಿನಲ್ಲಿ ಸುಮಾರು ಆರೂವರೆ ಸೆಂ.ಮೀ. ಅಗಲದ ವಸ್ತು ತುಂಬುತ್ತದೆ. ನಮ್ಮ ರಾಜ್ಯದ ಚಿಟ್ಟೆಯೆಂದು ಘೋಷಿತವಾಗಿರುವ ಸಹ್ಯಾದ್ರಿಯ ದೊಡ್ಡ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14 ಸೆಂ.ಮೀ.ಗೂ ಮಿಗಿಲು. ಅದಕ್ಕೆ ಮ್ಯಾಕ್ರೋ ಲೆನ್ಸ್ ಬೇಕಿಲ್ಲ, ಹತ್ತಿರ ಹೋಗುವ ತಾಳ್ಮೆ ಇದ್ದರೆ ಆಯಿತು.

18-55 ಸೋಲುವುದು ಎರಡೇ ಕಡೆ. ಕತ್ತಲಲ್ಲಿ, ಮತ್ತು ದೂರದಲ್ಲಿ. ನಿಮ್ಮ ಎರಡನೇ ಲೆನ್ಸ್ ಇವೆರಡರಲ್ಲಿ ಒಂದಕ್ಕೆ ಉತ್ತರವಾಗಿರಬೇಕು. 18-135, 18-140, 18-200 ಎಂಬ ‘ಒಂದರಲ್ಲೇ ಎಲ್ಲ’ ಲೆನ್ಸುಗಳು ದೂರಕ್ಕೆ ಒಂದಿಷ್ಟು ಉತ್ತರ ಕೊಟ್ಟಾವು, ಕತ್ತಲಿಗೆ ಕೊಡುವುದಿಲ್ಲ. ಪ್ರವಾಸದಲ್ಲಿ ಲೆನ್ಸ್ ಬದಲಿಸಲು ಬೇಸರಪಡುವವರಿಗೆ ಅವು ಸರಿ. 18-55 ಕೈಯಲ್ಲಿರುವವರು ಅವುಗಳ ಮೇಲೆ ಮತ್ತೆ ಹಣ ಹಾಕುವುದು ಅನಾವಶ್ಯಕ.

ಮೊದಲು ಕತ್ತಲು. ಕರಾವಳಿಯಲ್ಲೋ ಮಲೆನಾಡಿನಲ್ಲೋ ರಾತ್ರಿ ಯಕ್ಷಗಾನಕ್ಕೆ ಹೋಗಿದ್ದೀರಿ ಎನ್ನಿ. ರಂಗಸ್ಥಳದ ಎದುರು ಆರು ಮೀಟರ್, ಎಂದರೆ ಇಪ್ಪತ್ತಡಿ ದೂರದಲ್ಲಿ ಜಾಗ ಸಿಕ್ಕಿದೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು 50 ಮಿ.ಮೀ. ಲೆನ್ಸಿನಲ್ಲಿ ನೋಡಿದರೆ ತ್ರೈರಾಶಿಯ ಪ್ರಕಾರ 2.64 ಮೀಟರ್ ಎತ್ತರದ ದೃಶ್ಯ ಹಿಡಿಯುತ್ತದೆ. ಕಿರೀಟದ ತುದಿಯಿಂದ ಗೆಜ್ಜೆಯವರೆಗೆ ಇಡೀ ವೇಷ, ಮೇಲೆ ಕೆಳಗೆ ಒಂದಿಷ್ಟು ಜಾಗ. ನಿಮ್ಮ 18-55ರಲ್ಲೂ 50 ಇದೆಯಲ್ಲ, ಅದರಲ್ಲಿ ಯಾಕೆ ಆಗದು? ಅಗಲ, ಎತ್ತರ ಎಲ್ಲ ಸರಿಯಾಗಿ ಬರುತ್ತದೆ. ಬೆಳಕು ಸಾಲುವುದಿಲ್ಲ.

ಲೆನ್ಸಿನ ಮೇಲಿರುವ ಎರಡನೇ ಸಂಖ್ಯೆಯ ಅರ್ಥ ತಿಳಿಯಬೇಕಾದದ್ದು ಇಲ್ಲಿ. ಎಫ್/1.8 ಎಂದರೆ ಬೆಳಕು ಹೊಗುವ ರಂಧ್ರದ ವ್ಯಾಸ ಫೋಕಲ್ ಲೆಂಗ್ತ್‌ನ 1.8ನೇ ಒಂದು ಭಾಗ. 50 ಮಿ.ಮೀ. ಲೆನ್ಸಿಗೆ ಅದು ಸುಮಾರು 28 ಮಿ.ಮೀ. ಕಿಟ್ ಲೆನ್ಸಿನ 55ರ ತುದಿಯಲ್ಲಿ ಎಷ್ಟೇ ತೆರೆದರೂ ಎಫ್/5.6, ರಂಧ್ರ ಹತ್ತು ಮಿ.ಮೀ. ದಾಟುವುದಿಲ್ಲ. ಸೆನ್ಸರಿಗೆ ತಲುಪುವ ಬೆಳಕಿನಲ್ಲಿ ಒಂಬತ್ತು ಹತ್ತು ಪಟ್ಟು ವ್ಯತ್ಯಾಸ. ಎಫ್/1.8ರಲ್ಲಿ ಸೆಕೆಂಡಿನ 1/250 ಭಾಗದ ಶಟರ್ ಸಿಗುವ ದೀಪದ ಬೆಳಕಿನಲ್ಲಿ, ಸೆನ್ಸರಿನ ಸಂವೇದನೆಯನ್ನು ಸೂಚಿಸುವ ಐಎಸ್‌ಒ ಅಷ್ಟೇ ಇಟ್ಟುಕೊಂಡರೆ, ಎಫ್/5.6ರಲ್ಲಿ 1/25 ಸಿಗುತ್ತದೆ. ಭಾಗವತರ ಮುಖಕ್ಕೆ 1/25 ಆದೀತು. ಧೀಂಗಿಣ ಹಾಕುತ್ತಿರುವ ಪುಂಡುವೇಷಕ್ಕೆ ಆಗದು. ಐಎಸ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ, ಕಲಾವಿದನ ಕುಣಿತವನ್ನಲ್ಲ. ಇನ್ನು ಫ್ಲ್ಯಾಶ್ ಬೇಡವೇ ಬೇಡ. ಬಣ್ಣ ಬಳಿದು ತಾಸುಗಟ್ಟಲೆ ಕುಣಿಯುವವರ ಕಣ್ಣಿಗೆ ಮತ್ತೆ ಮತ್ತೆ ಬೆಳಕು ಹೊಡೆಯುವುದು ಒರಟುತನ.

ಹಾಗಾಗಿ ಹೊಸಬರು ಮೊದಲು ಹಣ ಕೊಟ್ಟು ತರುವ ಲೆನ್ಸ್ ಎಫ್/1.8ರ ಒಂದು ಪ್ರೈಮ್ ಆಗಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರೈಮ್ ಎಂದರೆ ಜೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತಿನ ಲೆನ್ಸ್. ಕ್ಯಾನನ್‌ನ 50 ಮಿ.ಮೀ. ಎಫ್/1.8 ಎಸ್‌ಟಿಎಂ 2015ರಲ್ಲಿ ಬಂದದ್ದು, ತೂಕ 160 ಗ್ರಾಂ. ಅದಕ್ಕಿಂತ ಹಿಂದಿನದು 1990ರಿಂದ ಮಾರುಕಟ್ಟೆಯಲ್ಲಿತ್ತು, ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತದೆ. ನಿಕಾನ್‌ನಲ್ಲಿ 2009ರ 35 ಮಿ.ಮೀ. ಎಫ್/1.8ಜಿ ಡಿಎಕ್ಸ್ ಮತ್ತು 2011ರ 50 ಮಿ.ಮೀ. ಎಫ್/1.8ಜಿ ಇವೆ. ಇವ್ಯಾವುವೂ ಲೆನ್ಸುಗಳ ಪ್ರಪಂಚದಲ್ಲಿ ದುಬಾರಿಯಲ್ಲ.

35 ಬೇಕೋ 50 ಬೇಕೋ ಎಂಬ ಚರ್ಚೆಗೆ ಕೊನೆಯಿಲ್ಲ. ಅಳತೆ ಟೇಪು ಹಿಡಿದರೆ ಅದೂ ಮುಗಿಯುತ್ತದೆ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನ ಹಜಾರದಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಮೂರು ಮೀಟರ್ ದೂರ ಸಿಗುವುದು ಕಷ್ಟ. ಅಲ್ಲಿ 50 ಹಾಕಿಕೊಂಡು ತೊಟ್ಟಿಲು ಶಾಸ್ತ್ರದ ಚಿತ್ರ ತೆಗೆಯಲು ಹೋದರೆ ತೊಟ್ಟಿಲು ಬರುತ್ತದೆ, ಸುತ್ತ ನಿಂತ ಹೆಂಗಸರು ಬರುವುದಿಲ್ಲ. ನಿಕಾನ್‌ನ 35ರಲ್ಲಿ ಮೂರು ಮೀಟರಿಗೆ ಎರಡು ಮೀಟರ್ ಅಗಲ ಹಿಡಿಯುತ್ತದೆ. ಕ್ಯಾನನ್‌ನವರಿಗೆ 24 ಮಿ.ಮೀ. ಎಫ್/2.8 ಎಂಬ, ಅಂಗೈಗಿಂತ ಚಿಕ್ಕದಾದ ತೆಳು ಲೆನ್ಸ್ ಇದೆ. ಅದರಲ್ಲಿ ಒಂಬತ್ತು ಅಡಿ ಬರುತ್ತದೆ, ಆದರೆ ಎಫ್/1.8ರಷ್ಟು ಬೆಳಕು ಬರುವುದಿಲ್ಲ. ತೊಟ್ಟಿ ಮನೆಯೋ ಅಂಗಳವೋ ಇರುವವರಿಗೆ, ರಂಗದೆದುರು ಕೂರುವವರಿಗೆ, ಒಬ್ಬೊಬ್ಬರ ಮುಖ ತೆಗೆಯುವ ಆಸೆ ಇರುವವರಿಗೆ 50 ಒಳ್ಳೆಯದು. ಮುಖ ತೆಗೆಯುವಾಗ ಎರಡು ಮೀಟರ್ ದೂರವಾದರೂ ನಿಲ್ಲಬೇಕು. ಅಗಲದ ಲೆನ್ಸ್ ಹಿಡಿದು ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಕಾಣುವುದು ಆ ಹತ್ತಿರದಿಂದಲೇ.

ಎಫ್/1.8 ಕೊಂಡ ಹೊಸದರಲ್ಲಿ ‘ಫೋಕಸ್ಸೇ ಸರಿ ಇಲ್ಲ’ ಎಂದು ದೂರುವವರು ಬಹಳ. ಇದಕ್ಕೂ ಕಾರಣ ದೂರವೇ. 50 ಮಿ.ಮೀ. ಲೆನ್ಸನ್ನು ಪೂರ್ತಿ ತೆರೆದು ಎರಡು ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಹತ್ತು ಸೆಂ.ಮೀ. ಮಾತ್ರ. ಅದಕ್ಕಿಂತ ಹತ್ತಿರ ಹೋದರೆ ಕಣ್ಣು ಸ್ಪಷ್ಟ, ಕಿವಿ ಮಸುಕು. ಆರು ಮೀಟರ್ ಆಚೆಯ ವೇಷಧಾರಿಗೆ ಅದೇ ಲೆನ್ಸ್ ಹೆಚ್ಚುಕಡಿಮೆ ಒಂದು ಮೀಟರ್ ಆಳ ಕೊಡುತ್ತದೆ. ಮನೆಯೊಳಗೆ ಎರಡು ಸಾಲಿನಲ್ಲಿ ನಿಂತವರ ಗುಂಪುಚಿತ್ರವನ್ನು ಎಫ್/1.8ರಲ್ಲಿ ತೆಗೆಯಬೇಡಿ, ಹಿಂದಿನ ಸಾಲಿನವರ ಮುನಿಸು ಕಟ್ಟಿಕೊಳ್ಳಬೇಕಾದೀತು. ಅಂಥ ಕಡೆ ಛಾವಣಿಗೆ ಬೆಳಕು ಚೆಲ್ಲುವಂತೆ ತಲೆ ತಿರುಗಿಸಬಹುದಾದ ಬಿಡಿ ಫ್ಲ್ಯಾಶ್ ಲೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಛಾವಣಿ ಬಿಳಿಯಾಗಿರಬೇಕು ಅಷ್ಟೆ. ಹೊಗೆ ಹಿಡಿದ ತೊಲೆಗಳ ಹಂಚಿನ ಮನೆಯಲ್ಲಿ ಈ ಉಪಾಯ ನಡೆಯದು.

ಇನ್ನು ದೂರ. ಕರ್ನಾಟಕದಲ್ಲಿ ಕ್ಯಾಮೆರಾ ಹಿಡಿದವರಿಗೆ ಹಕ್ಕಿಯ ಹುಚ್ಚು ಅಂಟುವುದು ಸಹಜ. ಇ. ಹನುಮಂತ ರಾವ್, ಟಿ.ಎನ್.ಎ. ಪೆರುಮಾಳ್ ಅಂಥವರು ಬೆಳೆದ ನೆಲ ಇದು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ಕಾಡುತೋಟಗಳಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದದ್ದನ್ನು ಓದಿ ಎಷ್ಟು ಜನ ಕ್ಯಾಮೆರಾ ಕೊಂಡರೋ. ಹಾಗಾಗಿ ಎರಡನೇ ಲೆನ್ಸ್ ಎಂದೊಡನೆ ಉದ್ದನೆಯ ಜೂಮ್ ಕಣ್ಮುಂದೆ ಬರುತ್ತದೆ. ಕೊಳ್ಳುವ ಮುನ್ನ ಇಲ್ಲೂ ಲೆಕ್ಕ ಹಾಕೋಣ.

ಕೆರೆಯಂಚಿನ ಕೋಲಿನ ಮೇಲೆ ಕೂರುವ ಪುಟ್ಟ ಮಿಂಚುಳ್ಳಿ ಕೊಕ್ಕಿನಿಂದ ಬಾಲದವರೆಗೆ 17 ಸೆಂ.ಮೀ. ಮೀರುವುದಿಲ್ಲ. ಹತ್ತು ಮೀಟರ್ ದೂರದಿಂದ 55 ಮಿ.ಮೀ.ನಲ್ಲಿ ನೋಡಿದರೆ ಚೌಕಟ್ಟಿನ ಅಗಲ ನಾಲ್ಕು ಮೀಟರ್, ಹಕ್ಕಿ ಅದರ ಇಪ್ಪತ್ನಾಲ್ಕನೇ ಒಂದು ಭಾಗ. 250ರಲ್ಲಿ ಚೌಕಟ್ಟು 88 ಸೆಂ.ಮೀ.ಗೆ ಇಳಿಯುತ್ತದೆ, ಹಕ್ಕಿ ಐದನೇ ಒಂದು ಭಾಗ. 600ರಲ್ಲಿ ಚೌಕಟ್ಟು 37 ಸೆಂ.ಮೀ., ಹಕ್ಕಿ ಹತ್ತಿರ ಹತ್ತಿರ ಅರ್ಧ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ ಇರುವುದರಿಂದ, 250ರಲ್ಲಿ ತೆಗೆದ ಹಕ್ಕಿಗೆ ಸಾವಿರದ ಮೇಲೆ ಪಿಕ್ಸೆಲ್ ಸಿಗುತ್ತವೆ. ಸುತ್ತಲಿನದನ್ನು ಕತ್ತರಿಸಿ ಮೊಬೈಲಿನಲ್ಲಿ ತೋರಿಸಲು ಅಷ್ಟು ಧಾರಾಳ. ಪುಕ್ಕ ಎಣಿಸುವಂಥ ದೊಡ್ಡ ಮುದ್ರಣಕ್ಕೆ ಸಾಲದು.

ದೊಡ್ಡ ಪ್ರಾಣಿಪಕ್ಷಿಗಳ ಲೆಕ್ಕವೇ ಬೇರೆ. ರಂಗನತಿಟ್ಟಿನಲ್ಲಿ ದೋಣಿ ಬಣ್ಣದ ಕೊಕ್ಕರೆಗಳ ಪಕ್ಕದಲ್ಲೇ ಸಾಗುತ್ತದೆ. ಹನ್ನೆರಡು ಮೀಟರಿನಿಂದ 250 ಹಿಡಿದರೆ ಚೌಕಟ್ಟು ಒಂದು ಮೀಟರ್ ಚಿಲ್ಲರೆ, ಕೊಕ್ಕರೆಯ ಉದ್ದವೂ ಸುಮಾರು ಒಂದು ಮೀಟರ್. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಜೂಮನ್ನು ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹಕ್ಕಿಗಳು ಊರೊಳಗಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ಕಬಿನಿ ಸಫಾರಿಯಲ್ಲಿ ಅದೃಷ್ಟವಿದ್ದು ಮೂವತ್ತು ಮೀಟರಿಗೆ ಹುಲಿ ಅಡ್ಡ ಹಾದರೆ 250ರ ಚೌಕಟ್ಟು 2.64 ಮೀಟರ್, ಹುಲಿ ತಲೆಯಿಂದ ಬಾಲದ ಬುಡದವರೆಗೆ ಆರಾಮವಾಗಿ ಹಿಡಿಯುತ್ತದೆ. ಹುಲಿಗೆ 250 ಸಾಕು, ಗುಬ್ಬಿಗೆ 600 ಸಾಲದು.

ಆದ್ದರಿಂದ ಮೊದಲ ಉದ್ದ ಲೆನ್ಸ್ ಆಗಿ ಕ್ಯಾನನ್‌ನ 55-250 ಎಸ್‌ಟಿಎಂ ಅಥವಾ ನಿಕಾನ್‌ನ ವಿಆರ್ ಇರುವ 70-300 ಕೊಳ್ಳಿ. 55-250ರ ತೂಕ 375 ಗ್ರಾಂ, ದಿನವಿಡೀ ಕೊರಳಲ್ಲಿ ನೇತುಹಾಕಿಕೊಂಡರೂ ಗೊತ್ತಾಗುವುದಿಲ್ಲ. ಸಿಗ್ಮಾ 150-600 ಕಂಟೆಂಪರರಿ ಎರಡು ಕೆ.ಜಿ.ಗೆ ಹತ್ತಿರ, ನಿಕಾನ್ 200-500 ಅದಕ್ಕೂ ಹೆಚ್ಚು ಭಾರ. ಬೆಲೆಯೂ ಆರಂಭಿಕ ಕ್ಯಾಮೆರಾದ ಬೆಲೆಯನ್ನು ಮೀರಿಸುತ್ತದೆ. ರಾಜ್ಯದ ಕೆಲವು ಅಭಯಾರಣ್ಯಗಳಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ವಿಧಿಸುವ ಪದ್ಧತಿಯೂ ಇದೆ. ಹೊರಡುವ ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಉದ್ದ ಲೆನ್ಸಿಗೆ ವೇಗದ ಶಟರ್ ಬೇಕು: 250 ಮಿ.ಮೀ.ಗೆ ಕೈಯಲ್ಲಿ ಹಿಡಿದು ತೆಗೆಯುವಾಗ ಐಎಸ್ ಇಲ್ಲದಿದ್ದರೆ ಸೆಕೆಂಡಿನ 1/400 ಭಾಗವಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಜೀಪಿನಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು. ಹುರುಳಿಯನ್ನೋ ಅಕ್ಕಿಯನ್ನೋ ತುಂಬಿದ ಬಟ್ಟೆಯ ಚೀಲವನ್ನು ಕಂಬಿಯ ಮೇಲಿಟ್ಟು ಲೆನ್ಸ್ ಊರಿದರೆ ಅಷ್ಟೇ ಭದ್ರ. ಚಾಲಕರಿಗೆ ಎಂಜಿನ್ ನಿಲ್ಲಿಸಲು ಹೇಳಿ.

ಸಣ್ಣ ಹಕ್ಕಿಗಳಿಗೆ 250 ಸಾಲದು ಎಂದು ಬೇಸರಿಸುವವರು ತ್ರೈರಾಶಿಯನ್ನು ಇನ್ನೊಂದು ಬದಿಯಿಂದ ನೋಡಬೇಕು. ಹತ್ತು ಮೀಟರನ್ನು ಐದಕ್ಕೆ ಇಳಿಸಿದರೆ 250 ಲೆನ್ಸ್ 500ರ ಕೆಲಸ ಮಾಡುತ್ತದೆ. ಫಿಲ್ಮಿನ ಕಾಲದ ಹಕ್ಕಿ ಛಾಯಾಗ್ರಾಹಕರು ಹಾಗೇ ಮಾಡುತ್ತಿದ್ದರು: ಸೊಪ್ಪು, ಬಟ್ಟೆಯ ಮರೆ ಕಟ್ಟಿಕೊಂಡು ಗಂಟೆಗಟ್ಟಲೆ ಒಳಗೆ ಕೂತು, ಹಕ್ಕಿಯೇ ಹತ್ತಿರ ಬರುವವರೆಗೆ ಕಾಯುವುದು. ಇವತ್ತು ನಿಮ್ಮ ಕಾರೇ ಒಂದು ಮರೆ. ಕೆರೆ ಏರಿಯ ಮೇಲೆ ಗಾಜು ಇಳಿಸಿ ಅಲುಗಾಡದೆ ಕೂತರೆ ಹಕ್ಕಿಗಳು ಕಾರಿಗೆ ಹೆದರುವುದಿಲ್ಲ, ಕೆಳಗಿಳಿದ ಮನುಷ್ಯನಿಗೆ ಹೆದರುತ್ತವೆ. ಗೂಡಿನ ಹತ್ತಿರ ಮಾತ್ರ ಹೋಗಬಾರದು. ತಾಯಿಹಕ್ಕಿ ಗೂಡು ಬಿಟ್ಟೇಬಿಡಬಹುದು ಎಂಬ ಕಾರಣಕ್ಕೆ ಗೂಡಿನ ಚಿತ್ರಗಳನ್ನು ಇಂದು ಹಲವು ಸ್ಪರ್ಧೆಗಳೂ ಒಪ್ಪುವುದಿಲ್ಲ.

ಹಂಪಿ, ಬೇಲೂರು, ಬಾದಾಮಿಗೆ ಹೊರಟವರು 10-18, 10-20ರಂಥ ಅತಿ ಅಗಲದ ಲೆನ್ಸ್ ಬೇಕೇ ಎಂದು ಕೇಳುತ್ತಾರೆ. ಬೇಲೂರಿನ ನವರಂಗದೊಳಗೆ ಕಂಬಗಳ ನಡುವೆ ಹಿಂದೆ ಸರಿಯಲು ಆಗದು, ಅಲ್ಲಿ ಅದು ಉಪಯೋಗಕ್ಕೆ ಬರುತ್ತದೆ. ಸುಮಾರು 50 ಮೀಟರ್ ಎತ್ತರದ ವಿರೂಪಾಕ್ಷ ಗೋಪುರಕ್ಕೆ ಬರುವುದಿಲ್ಲ, ಏಕೆಂದರೆ ಎದುರಿಗೆ ಉದ್ದನೆಯ ಬಜಾರು ಬೀದಿಯೇ ಇದೆ. ಹಿಂದೆ ಹಿಂದೆ ನಡೆದರೆ 18ರಲ್ಲೇ ಪೂರ್ತಿ ಹಿಡಿಯುತ್ತದೆ. ಹತ್ತಿರ ನಿಂತು ಕ್ಯಾಮೆರಾ ಮೇಲೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಬರುತ್ತದೆ, ಲೆನ್ಸ್ ಅಗಲವಾದಷ್ಟೂ ಹೆಚ್ಚು. ಶಿಲ್ಪದ ವಿವರಗಳಿಗೆ ಬೇಕಾಗುವುದು ಅದರ ತದ್ವಿರುದ್ಧ. ಬೇಲೂರಿನ ಮದನಿಕೆಯರು ಚಾವಣಿಯಂಚಿನಲ್ಲಿ ನಿಂತಿದ್ದಾರೆ. ಅವರನ್ನು ತೆಗೆಯಲು 55-250 ಒಯ್ಯಿರಿ.

ಇರುವೆ, ಜೇಡ, ಹೂವಿನ ಕೇಸರದ ಆಸೆ ಇದ್ದರೆ ನೇರವಾಗಿ ಮ್ಯಾಕ್ರೋ ಲೆನ್ಸ್ ಕೊಳ್ಳಬೇಡಿ. ಇರುವ ಲೆನ್ಸಿಗೂ ಕ್ಯಾಮೆರಾಗೂ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬು ಅಗ್ಗ, ಒಳಗೆ ಗಾಜೇ ಇಲ್ಲ. ಆ ದಾರಿ ನಿಮ್ಮದೇ ಎಂದು ಖಾತ್ರಿಯಾದ ಮೇಲೆ 90 ಅಥವಾ 100 ಮಿ.ಮೀ. ಮ್ಯಾಕ್ರೋ ನೋಡಿ.

ಅಂಗಡಿಗೆ ಹೋಗುವ ಮೊದಲು ತಿಳಿದಿರಬೇಕಾದ ಒಂದು ತೊಡಕಿದೆ, ಅದರ ಬೇರು ಹಳೆಯದು. ನಿಕಾನ್ ತನ್ನ ಎಫ್ ಮೌಂಟನ್ನು, ಅಂದರೆ ಕ್ಯಾಮೆರಾಗೆ ಲೆನ್ಸ್ ಕೂರಿಸುವ ಬಾಯನ್ನು, 1959ರಲ್ಲಿ ತಂದಿತು. ಆಟೋಫೋಕಸ್ ಬಂದಾಗ ಹಳೆಯ ಮೌಂಟನ್ನು ಬಿಡದೆ, ಮೋಟಾರನ್ನು ಕ್ಯಾಮೆರಾದೊಳಗಿಟ್ಟು ಸ್ಕ್ರೂ ಮೂಲಕ ಲೆನ್ಸನ್ನು ತಿರುಗಿಸುವ ವ್ಯವಸ್ಥೆ ಮಾಡಿತು. ಕ್ಯಾನನ್ 1987ರಲ್ಲಿ ಹಳೆಯ ಮೌಂಟನ್ನೇ ಕೈಬಿಟ್ಟು, ಪ್ರತಿ ಲೆನ್ಸಿನೊಳಗೂ ಮೋಟಾರು ಇರುವ ಇಎಫ್ ಶುರುಮಾಡಿತು. ಅಂದು ಕ್ಯಾನನ್ ಗ್ರಾಹಕರು ಗೊಣಗಿದರು, ಇಂದು ತೊಂದರೆ ಅನುಭವಿಸುವವರು ನಿಕಾನ್‌ನವರು. ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಆ ಮೋಟಾರು ಇಲ್ಲ. ಅಗ್ಗಕ್ಕೆ ಸಿಕ್ಕಿತೆಂದು 50 ಮಿ.ಮೀ. ಎಫ್/1.8ಡಿ ತಂದು ಹಾಕಿದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರಬೇಕು. ಅದರಲ್ಲೂ ಎಎಫ್-ಪಿ ಲೆನ್ಸುಗಳು ಡಿ90, ಡಿ3100, ಡಿ5100ರಂಥ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದಿಲ್ಲ.

ಕ್ಯಾನನ್‌ನವರಿಗೆ ಹೊಸ ಗೊಂದಲವೊಂದಿದೆ. 2018ರಿಂದ ಎರಡೂ ಕಂಪನಿಗಳು ಕನ್ನಡಿಯಿಲ್ಲದ, ಮಿರರ್‌ಲೆಸ್ ಕ್ಯಾಮೆರಾಗಳತ್ತ ವಾಲಿವೆ. ಕ್ಯಾನನ್‌ನ ಆರ್‌ಎಫ್, ನಿಕಾನ್‌ನ ಜೆಡ್ ಮೌಂಟುಗಳು ಅದಕ್ಕಾಗಿ ಬಂದವು. ಅಂಗಡಿಯ ಗಾಜಿನ ಹಿಂದೆ ಈಗ ಆರ್‌ಎಫ್ 50 ಮಿ.ಮೀ. ಎಫ್/1.8 ಕೂಡ ಇರುತ್ತದೆ, ಹೆಸರು ಬಹುತೇಕ ಒಂದೇ. ಅದು ನಿಮ್ಮ ಡಿಎಸ್‌ಎಲ್‌ಆರ್‌ಗೆ ಕೂರುವುದೇ ಇಲ್ಲ. ಡಬ್ಬಿಯ ಮೇಲೆ ಇಎಫ್ ಅಥವಾ ಇಎಫ್-ಎಸ್ ಎಂದು ಓದಿ ಖಾತ್ರಿ ಮಾಡಿಕೊಳ್ಳಿ. ಹಿಮ್ಮುಖವಾಗಿ ತೊಂದರೆಯಿಲ್ಲ: ಇಂದಿನ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಮುಂದೆ ಮಿರರ್‌ಲೆಸ್ ಕ್ಯಾಮೆರಾದಲ್ಲೂ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ, ನಿಕಾನ್‌ನ ಎಎಫ್-ಎಸ್ ಕೂಡ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎನ್ನುವವರ ಮಾತಿಗೆ ಹೆದರಬೇಕಿಲ್ಲ. ಮಿರರ್‌ಲೆಸ್‌ಗೆ ಹೋಗುವವರು ಮಾರುವ ಒಳ್ಳೆಯ ಲೆನ್ಸುಗಳು ಅರ್ಧ ಬೆಲೆಗೂ ಸಿಗುವ ಕಾಲ ಇದು.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಕಿಸೆಯಲ್ಲಿ ಚಿಕ್ಕ ಟಾರ್ಚ್ ಇರಲಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ, ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಬಲೆಯ ಎಳೆಗಳಂತೆ ಕವಲೊಡೆದ ಬಿಳಿ ಗೆರೆ ಕಂಡರೆ ಅದು ಫಂಗಸ್, ಎಷ್ಟು ಅಗ್ಗವಾದರೂ ಬೇಡ. ಅದು ಗಾಜಿನ ಮೇಲಿನ ಲೇಪನವನ್ನೇ ತಿಂದುಹಾಕುತ್ತದೆ. ಬಿಚ್ಚಿ ಒರೆಸಿದರೂ ಕಲೆ ಉಳಿಯಬಹುದು. ಫೋಕಸ್ ರಿಂಗ್ ಒಂದೇ ಸಮನೆ ತಿರುಗುತ್ತದೆಯೇ ನೋಡಿ, ನಿಮ್ಮ ಕ್ಯಾಮೆರಾಗೇ ಹಾಕಿ ನಾಲ್ಕು ಚಿತ್ರ ತೆಗೆಯಿರಿ, ಆಮೇಲೆ ದುಡ್ಡಿನ ಮಾತು.

ಕರಾವಳಿ, ಮಲೆನಾಡಿನವರಿಗೆ ಲೆನ್ಸ್ ಕೊಳ್ಳುವ ಖರ್ಚಿನ ಜೊತೆ ಕಾಪಾಡುವ ಖರ್ಚೂ ಸೇರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಮನೆಗಳಲ್ಲಿ ಕ್ಯಾಮೆರಾ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಹಿಡಿಯದೇ ಇರುತ್ತದೆಯೇ? ಬಿಗಿ ಮುಚ್ಚಳದ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರ್ ಇಷ್ಟಿದ್ದರೆ ಆಯಿತು. ಮೀಟರ್ 40ರಿಂದ 50ರ ನಡುವೆ ನಿಲ್ಲಬೇಕು. ನೀಲಿಯಿದ್ದ ಸಿಲಿಕಾ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ನೀಲಿ ಮರಳುತ್ತದೆ. ಆ ಬಾಣಲೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ. ಚರ್ಮದ ಚೀಲದಲ್ಲಿ ಲೆನ್ಸ್ ಇಡಬೇಡಿ. ಮುಂದಿನ ಗಾಜಿನ ರಕ್ಷಣೆಗೆಂದು ಅಂಗಡಿಯವರು ಅಂಟಿಸುವ ಅಗ್ಗದ ಯುವಿ ಫಿಲ್ಟರಿಗಿಂತ ಹುಡ್ ಹೆಚ್ಚು ಉಪಯುಕ್ತ: ಪೆಟ್ಟನ್ನೂ ತಡೆಯುತ್ತದೆ, ಅಡ್ಡಬಿಸಿಲನ್ನೂ ತಡೆಯುತ್ತದೆ.

ಇಷ್ಟಾದರೂ ಯಾವುದು ಬೇಕೆಂದು ತೀರ್ಮಾನವಾಗದಿದ್ದರೆ ಕಂಪ್ಯೂಟರಿನಲ್ಲಿ ನೀವು ಈವರೆಗೆ ತೆಗೆದ ಚಿತ್ರಗಳ ಫೋಲ್ಡರ್ ತೆರೆಯಿರಿ. ಪ್ರತಿ ಚಿತ್ರದ ವಿವರಗಳಲ್ಲಿ ಫೋಕಲ್ ಲೆಂಗ್ತ್, ಅಪರ್ಚರ್, ಶಟರ್ ವೇಗ ಎಲ್ಲ ದಾಖಲಾಗಿರುತ್ತದೆ. 55ರಲ್ಲಿ ತೆಗೆದು ಆಮೇಲೆ ಕತ್ತರಿಸಿದ ಚಿತ್ರಗಳೇ ಹೆಚ್ಚಿದ್ದರೆ 55-250 ತನ್ನಿ. ಸಂಜೆಯ ಚಿತ್ರಗಳೆಲ್ಲ 1/20, 1/15ರಲ್ಲಿ ಅಲುಗಾಡಿದ್ದರೆ ಎಫ್/1.8 ತನ್ನಿ. 18ರಲ್ಲಿ ತೆಗೆದವುಗಳಲ್ಲಿ ಅಂಚಿನವರ ತಲೆ ಕತ್ತರಿಸಿ ಹೋಗಿದ್ದರೆ ಮಾತ್ರ ಅಗಲದ ಲೆನ್ಸ್ ಯೋಚಿಸಿ. ಫೋಲ್ಡರಿನಲ್ಲಿ ಇನ್ನೂ ಇನ್ನೂರು ಚಿತ್ರವೂ ಇಲ್ಲವೆಂದಾದರೆ ಈಗ ಯಾವ ಲೆನ್ಸೂ ಬೇಡ. 18-55 ಹಾಕಿಕೊಂಡು ಬರುವ ಭಾನುವಾರ ಊರ ಸಂತೆಗೆ ಹೋಗಿ ಬನ್ನಿ.